ಜಪಾನಿನ ‘ತೊಚಿ-ಮೊಚಿ’: ಒಂದು ಗ್ರಾಮೀಣ ಖಾದ್ಯದ ವೆಚ್ಚ-ಲೆಕ್ಕದ ಅಧ್ಯಯನ

ಸಣ್ಣ ಉದ್ದಿಮೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಒಂದು ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ವರ್ಷವಿಡೀ ಮಾರಾಟ ನಡೆದಿರುತ್ತದೆ, ಗ್ರಾಹಕರು ಪದಾರ್ಥವನ್ನು ಮೆಚ್ಚಿರುತ್ತಾರೆ, ನಗದು ಪುಸ್ತಕದಲ್ಲಿ ಶಿಲ್ಕು ಕೂಡ ಕಾಣುತ್ತದೆ. ಆದರೂ ಉದ್ದಿಮೆ ಬೆಳೆಯುವುದಿಲ್ಲ. ಮನೆಯ ಮುಂದಿನ ತಲೆಮಾರು ಅದನ್ನು ವಹಿಸಿಕೊಳ್ಳಲು ಮುಂದೆ ಬರುವುದಿಲ್ಲ. ಇದಕ್ಕೆ ಕಾರಣವನ್ನು ಮಾರುಕಟ್ಟೆಯಲ್ಲಿ ಹುಡುಕುವವರೇ ಹೆಚ್ಚು. ವಾಸ್ತವವಾಗಿ ಅನೇಕ ಸಂದರ್ಭಗಳಲ್ಲಿ ಕಾರಣವು ವೆಚ್ಚದ ಲೆಕ್ಕದಲ್ಲಿಯೇ ಅಡಗಿರುತ್ತದೆ.

ಈ ವಿಷಯವನ್ನು ವಿವರಿಸಲು ಜಪಾನಿನ ಗುಡ್ಡಗಾಡು ಪ್ರದೇಶಗಳ ಒಂದು ಸಾಂಪ್ರದಾಯಿಕ ಖಾದ್ಯವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅದರ ಹೆಸರು ‘ತೊಚಿ-ಮೊಚಿ’. ಹಸಿಯಾಗಿ ತಿನ್ನಲು ಸಾಧ್ಯವೇ ಇಲ್ಲದಷ್ಟು ಕಹಿಯಾದ ಒಂದು ಕಾಡುಕಾಯಿಯನ್ನು ವಾರಗಟ್ಟಲೆ ಸಂಸ್ಕರಿಸಿ, ಅಂಟಕ್ಕಿಯೊಡನೆ ಕುಟ್ಟಿ ತಯಾರಿಸುವ ಉಂಡೆ ಅದು. ಕಚ್ಚಾ ಸಾಮಗ್ರಿಯ ಬೆಲೆ ಅಲ್ಪ, ಸಂಸ್ಕರಣೆಯ ಶ್ರಮ ಅಪಾರ, ದಾಸ್ತಾನಿನ ಅವಧಿ ದೀರ್ಘ, ಸಿದ್ಧ ಪದಾರ್ಥದ ಬಾಳಿಕೆ ಕಡಿಮೆ. ಸಣ್ಣ ತಯಾರಕನನ್ನು ಕಾಡುವ ಎಲ್ಲ ಸಮಸ್ಯೆಗಳೂ ಈ ಒಂದು ಖಾದ್ಯದಲ್ಲಿ ಸೇರಿರುವುದರಿಂದ ಇದು ಅಧ್ಯಯನಕ್ಕೆ ಯೋಗ್ಯವಾದ ವಿಷಯವಾಗಿದೆ.

1. ಕಾಯಿ ಮತ್ತು ಮರದ ಪರಿಚಯ

‘ತೊಚಿನೊಕಿ’ ಎಂಬುದು ಜಪಾನಿನ ಪರ್ವತ ಕಣಿವೆಗಳಲ್ಲಿ, ವಿಶೇಷವಾಗಿ ತೊರೆಗಳ ದಂಡೆಯಲ್ಲಿ, ಬೆಳೆಯುವ ಎಲೆಯುದುರುವ ದೊಡ್ಡ ಮರ. ಸಸ್ಯಶಾಸ್ತ್ರದಲ್ಲಿ ಇದನ್ನು ಈಸ್ಕ್ಯುಲಸ್ ಟರ್ಬಿನೇಟಾ ಎಂದು ಕರೆಯುತ್ತಾರೆ. ಮರವು ಸುಮಾರು 30 ಮೀಟರ್ ಎತ್ತರದವರೆಗೆ ಬೆಳೆಯಬಲ್ಲದು. ತೊಚಿಗಿ ಪ್ರಾಂತ್ಯವು ಈ ಮರವನ್ನೇ ತನ್ನ ಅಧಿಕೃತ ಮರವನ್ನಾಗಿ ಅಂಗೀಕರಿಸಿದೆ. ಸೆಪ್ಟೆಂಬರ್ ತಿಂಗಳಲ್ಲಿ ಹಣ್ಣು ಒಡೆದು, ಸುಮಾರು 3ರಿಂದ 4 ಸೆಂಟಿಮೀಟರ್ ಗಾತ್ರದ, ಹೊಳೆಯುವ ಕಂದು ಬಣ್ಣದ ಬೀಜಗಳು ನೆಲಕ್ಕೆ ಬೀಳುತ್ತವೆ. ನೋಡಲು ಇದು ಚೆಸ್ಟ್‌ನಟ್ ಕಾಯಿಯನ್ನು ಹೋಲುತ್ತದೆಯಾದರೂ ಎರಡೂ ಬೇರೆ ಬೇರೆ ಕುಲಕ್ಕೆ ಸೇರಿದವು. ಚೆಸ್ಟ್‌ನಟ್ ಕಾಯಿಯನ್ನು ಬೇಯಿಸಿ ನೇರವಾಗಿ ತಿನ್ನಬಹುದು. ತೊಚಿ ಕಾಯಿಯಲ್ಲಿ ಪಿಷ್ಟವು ಹೇರಳವಾಗಿದ್ದರೂ ಸಪೋನಿನ್ ಮತ್ತು ಟ್ಯಾನಿನ್ ಎಂಬ ಕಹಿ-ಒಗರು ಅಂಶಗಳು ತುಂಬಿರುವುದರಿಂದ ಬೇಯಿಸಿದ ಮಾತ್ರಕ್ಕೆ ಅದು ಆಹಾರವಾಗದು.

ಇದೇ ಕುಲಕ್ಕೆ ಸೇರಿದ ಮರವೊಂದು ನಮ್ಮ ದೇಶದ ಹಿಮಾಲಯ ತಪ್ಪಲಿನಲ್ಲಿಯೂ ಇದೆ. ಕಾಶ್ಮೀರ, ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡದ ಕೆಲವು ಭಾಗಗಳಲ್ಲಿ ಅದರ ಕಾಯಿಯನ್ನು ಹರಿಯುವ ನೀರಿನಲ್ಲಿ ನೆನೆಸಿ, ಕಹಿ ತೆಗೆದು, ಒಣಗಿಸಿ ಹಿಟ್ಟು ಮಾಡಿ ಬಳಸುವ ಪದ್ಧತಿ ಇತ್ತು. ಭತ್ತ-ಗೋಧಿ ಸಾಲದ ಗುಡ್ಡಗಾಡಿನ ಜನ ಎರಡೂ ದೇಶಗಳಲ್ಲಿ ಒಂದೇ ಬಗೆಯ ಉಪಾಯವನ್ನು ಕಂಡುಕೊಂಡಿದ್ದರು.

ಜಪಾನಿನಲ್ಲಿ ಈ ಕಾಯಿಯ ಬಳಕೆ ಅತ್ಯಂತ ಪ್ರಾಚೀನವಾದುದು. ಟೋಕಿಯೊ ಸಮೀಪದ ಸೈತಾಮ ಪ್ರಾಂತ್ಯದ ಕವಾಗುಚಿ ನಗರದಲ್ಲಿರುವ ಅಕಾಯಾಮ ಜಿನ್ಯ ನಿವೇಶನದ ಉತ್ಖನನದಲ್ಲಿ ಜೊಮೊನ್ ಯುಗದ, ಅಂದರೆ ಸುಮಾರು 3 ಸಾವಿರ ವರ್ಷಗಳಷ್ಟು ಹಿಂದಿನ, ಮರದ ಚೌಕಟ್ಟಿನ ನೀರಿನ ತೊಟ್ಟಿಗಳು ಹಾಗೂ ತೊಚಿ ಕಾಯಿಯ ಸಿಪ್ಪೆಯ ರಾಶಿಗಳು ದೊರೆತಿವೆ. ಅಂದಿನವರು ಸಾಮೂಹಿಕವಾಗಿ ನಡೆಸುತ್ತಿದ್ದ ಸಂಸ್ಕರಣ ಸ್ಥಳ ಅದೆಂದು ಪುರಾತತ್ತ್ವ ತಜ್ಞರು ಗುರುತಿಸಿದ್ದಾರೆ.

ಗದ್ದೆ ವಿರಳವಾದ ಮಲೆಗಳಲ್ಲಿ ಬರಗಾಲಕ್ಕೆ ಈ ಕಾಯಿಯೇ ಆಧಾರವಾಗಿತ್ತು. ಆದುದರಿಂದ ಮರಕ್ಕೆ ಆಸ್ತಿಯ ಬೆಲೆಯೂ ಇತ್ತು. ಕೆಲವು ಹಳ್ಳಿಗಳಲ್ಲಿ ಮದುವೆಯಾಗಿ ಹೋಗುವ ಹೆಣ್ಣುಮಗಳಿಗೆ ತೊಚಿ ಮರದ ಹಕ್ಕನ್ನು ಬಳುವಳಿಯಾಗಿ ಕೊಡುತ್ತಿದ್ದರು. ಕಾಯಿ ಆಯಲು ಊರಿನವರು ದಿನವನ್ನು ನಿಗದಿಪಡಿಸುತ್ತಿದ್ದರು. ಆ ದಿನಕ್ಕಿಂತ ಮೊದಲು ಯಾರೂ ಕಾಡಿಗೆ ಹೋಗುವಂತಿರಲಿಲ್ಲ. ಸಾಮಾನ್ಯ ಸಂಪನ್ಮೂಲವನ್ನು ಕಾಪಾಡಿಕೊಳ್ಳುವ ಶಿಸ್ತು ಬರಹದ ಕಾನೂನಿಲ್ಲದೆಯೂ ಜಾರಿಯಲ್ಲಿತ್ತು.

2. ತಯಾರಿಕೆಯ ಹಂತಗಳು

ವೆಚ್ಚದ ಲೆಕ್ಕ ಹಾಕುವ ಮೊದಲು ತಯಾರಿಕೆಯ ಪ್ರತಿಯೊಂದು ಹಂತವನ್ನೂ ಬರೆದಿಟ್ಟುಕೊಳ್ಳುವುದು ಅಗತ್ಯ. ವಿವರಗಳು ಊರಿನಿಂದ ಊರಿಗೆ ಬೇರೆಯಾದರೂ ಕ್ರಮವು ಸ್ಥೂಲವಾಗಿ ಹೀಗಿದೆ:

(ಅ) ಸಂಗ್ರಹಣೆ: ಸೆಪ್ಟೆಂಬರ್ ತಿಂಗಳಿನಲ್ಲಿ ಕಾಡಿಗೆ ಹೋಗಿ ನೆಲಕ್ಕೆ ಬಿದ್ದ ಕಾಯಿಗಳನ್ನು ಆಯುತ್ತಾರೆ. ಕರಡಿ, ಜಿಂಕೆ, ಇಲಿಗಳೊಡನೆ ಪೈಪೋಟಿ ಇರುವುದರಿಂದ ಬಿದ್ದ ಕೆಲವೇ ದಿನಗಳಲ್ಲಿ ಆಯಬೇಕು.

(ಆ) ನೆನೆಸುವಿಕೆ ಮತ್ತು ಒಣಗಿಸುವಿಕೆ: ಕಾಯಿಯೊಳಗಿನ ಹುಳುವನ್ನು ನಾಶಪಡಿಸಲು ಮೊದಲು ನೀರಿನಲ್ಲಿ ಮುಳುಗಿಸಿಡುತ್ತಾರೆ. ಬಳಿಕ ವಾರಗಟ್ಟಲೆ ಬಿಸಿಲಿನಲ್ಲಿ ಒಣಗಿಸುತ್ತಾರೆ. ಚೆನ್ನಾಗಿ ಒಣಗಿದ ಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದೆ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವಂತೆ, ಇದನ್ನು ಕೂಡಿಡುತ್ತಿದ್ದರು.

(ಇ) ಸಿಪ್ಪೆ ಸುಲಿಯುವಿಕೆ: ಒಣಗಿದ ಕಾಯಿಯನ್ನು ಮತ್ತೆ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಬಿಸಿ ನೀರಿನಲ್ಲಿ ಮೆದುಗೊಳಿಸಿ, ಒಂದೊಂದನ್ನೇ ಮರದ ಸರಳ ಉಪಕರಣದ ನಡುವೆ ಅದುಮಿ ಸಿಪ್ಪೆ ಬಿಡಿಸುತ್ತಾರೆ. ಅತ್ಯಂತ ಹೆಚ್ಚು ಕೈಕೆಲಸ ಬೇಡುವ ಹಂತ ಇದೇ.

(ಈ) ನೀರಿನಲ್ಲಿ ಕಹಿ ಇಳಿಸುವಿಕೆ: ಸುಲಿದ ತಿರುಳನ್ನು ಚೀಲದಲ್ಲಿ ಕಟ್ಟಿ ಹರಿಯುವ ತೊರೆಯಲ್ಲಿ ಹಲವು ದಿನ ಇಡುತ್ತಾರೆ.

(ಉ) ಬೂದಿ ಸಂಸ್ಕಾರ: ತಿರುಳನ್ನು ಬೇಯಿಸಿ, ಗಟ್ಟಿ ಜಾತಿಯ ಮರದ ಬೂದಿ ಮತ್ತು ಬಿಸಿ ನೀರಿನೊಡನೆ ಕಲಸಿ ಒಂದೆರಡು ದಿನ ಮುಚ್ಚಿಡುತ್ತಾರೆ. ಬೂದಿಯ ಕ್ಷಾರವು ಉಳಿದ ಕಹಿಯನ್ನು ನೀಗಿಸುತ್ತದೆ. ಬೂದಿ ಕಡಿಮೆಯಾದರೆ ಕಹಿ ಉಳಿಯುತ್ತದೆ, ಹೆಚ್ಚಾದರೆ ಕಾಯಿಯ ಪರಿಮಳವೇ ಹೋಗುತ್ತದೆ, ತಿರುಳು ಕರಗಿ ನಷ್ಟವಾಗುತ್ತದೆ. ಇಲ್ಲಿ ಅನುಭವಿಯ ಕೈಯೇ ಅಳತೆಗೋಲು.

(ಊ) ಅಂತಿಮ ತಯಾರಿಕೆ: ತೊಳೆದ ತಿರುಳನ್ನು ಅಂಟಕ್ಕಿಯೊಡನೆ ಹಬೆಯಲ್ಲಿ ಬೇಯಿಸಿ ಒರಳಿನಲ್ಲಿ ಅಥವಾ ಯಂತ್ರದಲ್ಲಿ ಕುಟ್ಟಿ ಉಂಡೆ ಮಾಡುತ್ತಾರೆ. ಕೆಲವೆಡೆ ಸಿಹಿಯಾದ ಕೆಂಪು ಕಾಳಿನ ಹೂರಣ ತುಂಬುತ್ತಾರೆ. ಕೆಲವೆಡೆ ಹಾಗೆಯೇ ಸುಟ್ಟು ತಿನ್ನುತ್ತಾರೆ, ಅಥವಾ ಹೊಸ ವರ್ಷದ ಸಾರಿನಲ್ಲಿ ಹಾಕುತ್ತಾರೆ. ನಸುಗಂದು ಬಣ್ಣ, ಒಂದು ವಿಶಿಷ್ಟ ಪರಿಮಳ ಮತ್ತು ನಾಲಿಗೆಯ ತುದಿಯಲ್ಲಿ ಉಳಿಯುವ ಕಿಂಚಿತ್ ಕಹಿ ಇದರ ಲಕ್ಷಣಗಳು.

ಬೂದಿಯ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಮನೆಮನೆಯಲ್ಲಿ ಸೌದೆ ಒಲೆ ಇದ್ದ ಕಾಲದಲ್ಲಿ ಬೂದಿಯು ಬೆಲೆಯಿಲ್ಲದ ಉಪ ಉತ್ಪನ್ನವಾಗಿತ್ತು. 1960ರ ದಶಕದಲ್ಲಿ ಹಳ್ಳಿಗಳಲ್ಲಿ ಅಡಿಗೆಗೆ ಅನಿಲದ ಬಳಕೆ ಹರಡಿದ ನಂತರ ಅದೇ ಬೂದಿ ಹುಡುಕಿ ತರಬೇಕಾದ ಸಾಮಗ್ರಿಯಾಯಿತು. ಬೂದಿಯ ಬದಲು ಸೋಡಾ ಬಳಸುವವರೂ ಇದ್ದಾರೆ. ಒಂದು ಕಾಲಕ್ಕೆ ಉಚಿತವಾಗಿದ್ದ ಸಾಮಗ್ರಿ ಎಂದೆಂದಿಗೂ ಉಚಿತವಾಗಿರುತ್ತದೆಂದು ಭಾವಿಸಿ ಬೆಲೆ ನಿರ್ಧರಿಸುವುದು ಅಪಾಯಕಾರಿ ಎಂಬುದಕ್ಕೆ ಇದು ಉತ್ತಮ ನಿದರ್ಶನ.

3. ವೆಚ್ಚ-ಲೆಕ್ಕ: ಒಂದು ಕಲ್ಪಿತ ಉದಾಹರಣೆ

ಈ ಕೆಳಗಿನ ಅಂಕಿಗಳು ವಿಧಾನವನ್ನು ವಿವರಿಸುವ ಸಲುವಾಗಿ ಕಲ್ಪಿಸಿಕೊಂಡವು. ಜಪಾನಿನ ಯಾವುದೇ ತಯಾರಕರ ವಾಸ್ತವ ಅಂಕಿಗಳಲ್ಲ. ಓದುಗರಿಗೆ ಅನುಕೂಲವಾಗಲೆಂದು ರೂಪಾಯಿಗಳಲ್ಲಿ ಕೊಡಲಾಗಿದೆ.

100 ಕಿ.ಗ್ರಾಂ ಹಸಿ ಕಾಯಿಯನ್ನು ಕಿ.ಗ್ರಾಂಗೆ ರೂ. 100ರಂತೆ ಕೊಂಡೆವೆನ್ನೋಣ. ಒಣಗಿಸಿ, ಸುಲಿದು, ತೊಳೆದ ಮೇಲೆ 40 ಕಿ.ಗ್ರಾಂ ಸಿದ್ಧ ತಿರುಳು ದೊರೆಯುತ್ತದೆ ಎಂದಿಟ್ಟುಕೊಳ್ಳೋಣ. ಆಗ ತಿರುಳಿನ ವೆಚ್ಚ:

ಕಾಯಿಯ ಬೆಲೆ: ರೂ. 10,000
ಬೂದಿ ಮತ್ತು ಉರುವಲು: ರೂ. 2,000
ಸುಲಿಯುವ ಹಾಗೂ ಸಂಸ್ಕರಿಸುವ ಕೂಲಿ, 60 ಗಂಟೆ, ಗಂಟೆಗೆ ರೂ. 100: ರೂ. 6,000
ಕಾಯಿಯಲ್ಲಿ ಒಂದು ವರ್ಷ ತೊಡಗಿದ ಹಣಕ್ಕೆ ಶೇ. 12 ಬಡ್ಡಿ: ರೂ. 1,200
ಒಟ್ಟು: ರೂ. 19,200

ಇದನ್ನು 40ರಿಂದ ಭಾಗಿಸಿದರೆ ಕಿ.ಗ್ರಾಂ ಒಂದಕ್ಕೆ ರೂ. 480 ಆಗುತ್ತದೆ. ಕೊಂಡ ಬೆಲೆ ರೂ. 100 ಎಂಬ ಅಂಕಿ ಮನಸ್ಸಿನಲ್ಲಿ ಉಳಿದಿದ್ದರೆ ತಯಾರಕನು ದಾರಿ ತಪ್ಪುವುದು ನಿಶ್ಚಯ. ಸಹಜ ನಷ್ಟದ ಭಾರವನ್ನು ಉಳಿದ ಒಳ್ಳೆಯ ಪದಾರ್ಥವೇ ಹೊರಬೇಕೆಂಬುದು ವೆಚ್ಚ-ಲೆಕ್ಕದ ಮೂಲ ನಿಯಮ. ಕಚ್ಚಾ ಗೇರುಬೀಜ ಕೊಂಡು ತಿರುಳು ಮಾರುವ ನಮ್ಮ ಕರಾವಳಿಯ ಉದ್ಯಮಿಗಳಿಗೆ ಇದು ಹೊಸ ಮಾತಲ್ಲ. ಅವರು ಚೀಲವೊಂದಕ್ಕೆ ಎಷ್ಟು ತಿರುಳು ಬಂತೆಂಬುದನ್ನು ನೋಡಿಯೇ ಕಚ್ಚಾ ಬೀಜದ ಬೆಲೆ ಕಟ್ಟುತ್ತಾರೆ.

ಮುಂದಿನ ಹಂತದಲ್ಲಿ 40 ಕಿ.ಗ್ರಾಂ ತಿರುಳಿಗೆ 80 ಕಿ.ಗ್ರಾಂ ಅಂಟಕ್ಕಿಯನ್ನು ಸೇರಿಸಿ, ನೀರಿನಂಶವೂ ಕೂಡಿ 160 ಕಿ.ಗ್ರಾಂ ಸಿದ್ಧ ಪದಾರ್ಥ ದೊರೆಯಿತೆನ್ನೋಣ. 40 ಗ್ರಾಂ ತೂಕದ ಉಂಡೆ ಮಾಡಿದರೆ 4,000 ಉಂಡೆಗಳಾಗುತ್ತವೆ.

ತಿರುಳಿನ ವೆಚ್ಚ: ರೂ. 19,200
ಅಂಟಕ್ಕಿ, ಕಿ.ಗ್ರಾಂಗೆ ರೂ. 80: ರೂ. 6,400
ಬೇಯಿಸುವ, ಕುಟ್ಟುವ, ಕಟ್ಟುವ ಕೂಲಿ, 40 ಗಂಟೆ: ರೂ. 4,000
ಪೊಟ್ಟಣದ ಸಾಮಗ್ರಿ: ರೂ. 2,400
ಒಟ್ಟು: ರೂ. 32,000

ಅಂದರೆ ಉಂಡೆ ಒಂದಕ್ಕೆ ರೂ. 8.

ಈಗ ಇದೇ ಕೆಲಸವನ್ನು ಮನೆಯವರೇ ಮಾಡುವ ಸಂದರ್ಭವನ್ನು ನೋಡೋಣ. ಕಾಯಿ ಕಾಡಿನಿಂದ ತಾವೇ ಆಯ್ದದ್ದು. ಕೂಲಿ ಯಾರಿಗೂ ಕೊಟ್ಟಿಲ್ಲ. ಸಾಲವಿಲ್ಲದ ಕಾರಣ ಬಡ್ಡಿಯೂ ಇಲ್ಲ. ನಗದು ಪುಸ್ತಕದಲ್ಲಿ ಬೂದಿ-ಉರುವಲಿನ ರೂ. 2,000, ಅಕ್ಕಿಯ ರೂ. 6,400 ಮತ್ತು ಪೊಟ್ಟಣದ ರೂ. 2,400 ಸೇರಿ ರೂ. 10,800 ಮಾತ್ರ ಖರ್ಚು ಕಾಣುತ್ತದೆ. ಉಂಡೆಗೆ ರೂ. 2.70 ಬಿತ್ತು. ರೂ. 6ಕ್ಕೆ ಮಾರಿದರೆ ರೂ. 24,000 ಬರುತ್ತದೆ, ರೂ. 13,200 ಲಾಭವೆಂದು ಸಂತೋಷಪಡುತ್ತಾರೆ.

ಆದರೆ ಆ ಕಾಯಿಯನ್ನು ಹಾಗೆಯೇ ಮಾರಿದ್ದರೆ ರೂ. 10,000 ಬರುತ್ತಿತ್ತು, ವರ್ಷದ ಬಡ್ಡಿ ರೂ. 1,200. ಇವೆರಡನ್ನೂ ಕಳೆದರೆ ಉಳಿಯುವುದು ರೂ. 2,000. ಅದು 100 ಗಂಟೆಗಳ ದುಡಿಮೆಯ ಪ್ರತಿಫಲ. ಗಂಟೆಗೆ ರೂ. 20 ಮಾತ್ರ! ಪೇಟೆಯಲ್ಲಿ ಗಂಟೆಗೆ ರೂ. 100 ಕೂಲಿ ದೊರೆಯುವಾಗ ಯಾವ ಮಗ ಅಥವಾ ಸೊಸೆ ಈ ಕೆಲಸಕ್ಕೆ ನಿಲ್ಲುತ್ತಾರೆ? ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಜವೇ. ಆದರೆ ಎಷ್ಟು ಕೆಸರಿಗೆ ಎಷ್ಟು ಮೊಸರು ಎಂಬುದನ್ನು ಯಾರೋ ಒಬ್ಬರು ಅಳೆಯಬೇಕಷ್ಟೆ.

ಹಿರಿಯರು ತಮ್ಮ ಶ್ರಮಕ್ಕೆ ಬೆಲೆ ಕಟ್ಟದೆ ಅಗ್ಗವಾಗಿ ಮಾರುತ್ತಾ ಬಂದರೆ ಗ್ರಾಹಕನು ಆ ಬೆಲೆಗೇ ಒಗ್ಗಿಹೋಗುತ್ತಾನೆ. ಅವರ ನಂತರ ಕೂಲಿ ಕೊಟ್ಟು ಮಾಡಿಸುವವನು ರೂ. 9 ಅಥವಾ 10 ಕೇಳಿದಾಗ ‘ದುಬಾರಿ’ ಎನ್ನುತ್ತಾನೆ. ಜಪಾನಿನ ಗುಡ್ಡಗಾಡುಗಳಲ್ಲಿ ಈ ತಯಾರಿಕೆ ಹೆಚ್ಚಾಗಿ ವಯಸ್ಸಾದ ಮಹಿಳೆಯರ ಕೈಯಲ್ಲಿ ಉಳಿದಿರುವುದಕ್ಕೆ ಯುವಜನರ ವಲಸೆ ಮುಖ್ಯ ಕಾರಣವಾಗಿದೆ; ಶ್ರಮಕ್ಕೆ ತಕ್ಕ ಗಳಿಕೆ ಇಲ್ಲದಿರುವುದು ಆ ವಲಸೆಯನ್ನು ಇನ್ನಷ್ಟು ಸುಲಭಗೊಳಿಸುತ್ತದೆ.

4. ದಾಸ್ತಾನು ಮತ್ತು ದುಡಿಮೆ ಬಂಡವಾಳ

ತೊಚಿ ಮರ ಪ್ರತಿ ವರ್ಷವೂ ಒಂದೇ ಪ್ರಮಾಣದಲ್ಲಿ ಕಾಯಿ ಬಿಡುವುದಿಲ್ಲ. ಒಳ್ಳೆಯ ವರ್ಷ, ಕೆಟ್ಟ ವರ್ಷ ಎಂಬ ವ್ಯತ್ಯಾಸ ಎದ್ದು ಕಾಣುತ್ತದೆ. ಒಣಕಾಯಿ ವರ್ಷಗಟ್ಟಲೆ ಬಾಳುವುದರಿಂದ ಒಳ್ಳೆಯ ವರ್ಷದಲ್ಲಿ ಹೆಚ್ಚಾಗಿ ಕೂಡಿಟ್ಟು ಕೆಟ್ಟ ವರ್ಷವನ್ನು ದಾಟುವುದೇ ಪರಂಪರಾಗತ ಉಪಾಯ. ಇದಕ್ಕೆ ವಿರುದ್ಧವಾಗಿ, ಕುಟ್ಟಿ ಮಾಡಿದ ತಾಜಾ ಉಂಡೆ ಕೆಲವೇ ದಿನ ಬಾಳುತ್ತದೆ. ಕಚ್ಚಾ ಸಾಮಗ್ರಿಯಲ್ಲಿ ದೀರ್ಘ ದಾಸ್ತಾನು, ಸಿದ್ಧ ಪದಾರ್ಥದಲ್ಲಿ ಅತ್ಯಲ್ಪ ದಾಸ್ತಾನು, ಇದು ಇಂತಹ ಉದ್ದಿಮೆಯ ಸರಿಯಾದ ನೀತಿ.

ಲೆಕ್ಕಪತ್ರದ ದೃಷ್ಟಿಯಿಂದ ಇಲ್ಲಿ ಎರಡು ವಿಷಯಗಳನ್ನು ಪ್ರತ್ಯೇಕವಾಗಿ ತಿಳಿಯಬೇಕು. ನಮ್ಮ ದೇಶದ ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವುಗಳಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಶೇಖರಣಾ ವೆಚ್ಚವನ್ನು ಸಾಮಾನ್ಯವಾಗಿ ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಮುಂದಿನ ಹಂತದ ತಯಾರಿಕೆಗೆ ಆ ಶೇಖರಣೆ ಅನಿವಾರ್ಯವಾಗಿದ್ದರೆ ಮಾತ್ರ ಸೇರಿಸಬಹುದು. ಈ ಮಾನದಂಡವನ್ನು ತೊಚಿ ಕಾಯಿಗೆ ಅನ್ವಯಿಸಿದರೆ, ಒಣಗಿಸುವ ಮತ್ತು ನೆನೆಸುವ ಖರ್ಚು ತಯಾರಿಕೆಯ ಭಾಗವಾಗುತ್ತದೆ. ಬೆಲೆ ಏರಲೆಂದೋ ಮುಂದಿನ ವರ್ಷಕ್ಕಿರಲೆಂದೋ ಅಟ್ಟದಲ್ಲಿಟ್ಟ ಅವಧಿಯ ಖರ್ಚು ಆಯಾ ವರ್ಷದ ಲಾಭ-ನಷ್ಟಕ್ಕೇ ಹೋಗುತ್ತದೆ. ಹುಳು ಹಿಡಿದು ಅಸಹಜವಾಗಿ ನಾಶವಾದ ಸರಕನ್ನೂ ಅದೇ ವರ್ಷ ಖರ್ಚು ಹಾಕಬೇಕು.

ಜಮಾಖರ್ಚಿನ ಪಟ್ಟಿಯಲ್ಲಿ ಸೇರದ ಬಡ್ಡಿಯನ್ನು ಮಾರಾಟ ಬೆಲೆ ನಿಗದಿಪಡಿಸುವಾಗಲೂ ಬಿಟ್ಟುಬಿಡುವುದು ಸರಿಯಲ್ಲ. ಆಸ್ತಿ-ಹೊಣೆ ಪಟ್ಟಿಯ ಮೌಲ್ಯ ಬೇರೆ, ಬೆಲೆ ಕಟ್ಟುವ ವೆಚ್ಚ ಬೇರೆ. ಹಿಂದಿನ ಉದಾಹರಣೆಯಲ್ಲಿ ಬಡ್ಡಿಯನ್ನು ಸೇರಿಸಿರುವುದು ಎರಡನೆಯ ಉದ್ದೇಶಕ್ಕಾಗಿ.

5. ಮರ ಯಾರದು? ಕಚ್ಚಾ ಸಾಮಗ್ರಿಯ ಮೂಲದ ಪ್ರಶ್ನೆ

ಬಿವಾ ಸರೋವರವಿರುವ ಶಿಗಾ ಪ್ರಾಂತ್ಯದ ಕುತ್ಸುಕಿ ಎಂಬ ಮಲೆನಾಡು ಪ್ರದೇಶವು ತೊಚಿ-ಮೊಚಿಗೆ ಹೆಸರಾದುದು. ಮೊದಲು ಪ್ರತ್ಯೇಕ ಗ್ರಾಮವಾಗಿದ್ದ ಇದು 2005ರಲ್ಲಿ ತಕಾಶಿಮ ನಗರದಲ್ಲಿ ವಿಲೀನವಾಯಿತು. ಅಲ್ಲಿಯ ಭಾನುವಾರದ ಬೆಳಗಿನ ಸಂತೆಯಲ್ಲಿ ಸ್ಥಳೀಯರು ಮಾಡಿದ ತೊಚಿ-ಮೊಚಿ ಮಾರಾಟವಾಗುತ್ತದೆ. ಈ ಪ್ರದೇಶದ ಅನುಭವದಿಂದ ಎರಡು ವಿಷಯಗಳು ತಿಳಿದುಬರುತ್ತವೆ.

ಮೊದಲನೆಯದು ಜಿಂಕೆಗಳ ಹಾವಳಿ. ಜಿಂಕೆಗಳ ಸಂಖ್ಯೆ ಹೆಚ್ಚಿದಂತೆ ನೆಲಕ್ಕೆ ಬಿದ್ದ ಕಾಯಿಗಳು ಮನುಷ್ಯರ ಕೈಗೆ ಸಿಗುವುದು ಕಡಿಮೆಯಾಯಿತು. ತಯಾರಕರು ಹೊರಗಿನ ಊರುಗಳಿಂದ ಕಾಯಿ ತರಿಸಿಕೊಳ್ಳಬೇಕಾಯಿತು. ಹೀಗಾದಾಗ ಬೆಲೆಯೊಡನೆ ಪದಾರ್ಥದ ಹೆಸರಿಗೂ ಸಂಬಂಧಿಸಿದ ಪ್ರಶ್ನೆ ಹುಟ್ಟುತ್ತದೆ. ಕಾಯಿ ಬೇರೆ ಊರಿನದು, ಕೈಚಳಕ ಈ ಊರಿನದು. ಇದನ್ನು ಯಾವ ಊರಿನ ಖಾದ್ಯವೆನ್ನಬೇಕು?

ಎರಡನೆಯದು ಮರದ ಮಾರಾಟ. ತೊಚಿ ಮರದ ನಾಟಾಕ್ಕೆ ಬೆಲೆ ಇದೆ. ದೊಡ್ಡ ಬೋಗುಣಿ, ಒಂದೇ ಹಲಗೆಯ ಮೇಜು ಮೊದಲಾದವುಗಳಿಗೆ ಅದು ಬಳಕೆಯಾಗುತ್ತದೆ. ಅಲೆಯಂತಹ ನೂಲು ಇರುವ ಹಳೆಯ ಮರಕ್ಕೆ ಬೇಡಿಕೆ ಹೆಚ್ಚು. ಕುತ್ಸುಕಿಯ ಕಣಿವೆಗಳಲ್ಲಿದ್ದ ಶತಮಾನಗಳಷ್ಟು ಹಳೆಯ ಹಲವು ತೊಚಿ ಮರಗಳನ್ನು ನಾಟಾ ವ್ಯಾಪಾರಿಗಳು ಭೂಮಾಲೀಕರಿಂದ ಕೊಂಡು ಕಡಿಸಿದರು. ರಸ್ತೆಯಿಲ್ಲದ ಕಡೆಗಳಿಂದ ಹೆಲಿಕಾಪ್ಟರ್ ಮೂಲಕ ದಿಮ್ಮಿ ಸಾಗಿಸಿದ್ದೂ ಉಂಟು. 2010ರ ಸುಮಾರಿಗೆ ಇದು ಬೆಳಕಿಗೆ ಬಂದು ಸ್ಥಳೀಯರು ಸಂಘಟಿತರಾಗಿ ಮರಗಳ ಸಂರಕ್ಷಣೆಗೆ ಮುಂದಾದರು.

ಭೂಮಾಲೀಕನನ್ನು ದೂರುವುದು ಸುಲಭ. ಆದರೆ ಅವನ ಲೆಕ್ಕವನ್ನೂ ಒಮ್ಮೆ ನೋಡಬೇಕು. ನಾಟಾ ವ್ಯಾಪಾರಿ ಮರವೊಂದಕ್ಕೆ ರೂ. 1,00,000 ಕೊಡುತ್ತಾನೆಂದು ಕಲ್ಪಿಸೋಣ. ಆ ಮರ ವರ್ಷಕ್ಕೆ 50 ಕಿ.ಗ್ರಾಂ ಕಾಯಿ ಬಿಡುತ್ತದೆ. ಆಯ್ದುಕೊಳ್ಳುವವರು ಮಾಲೀಕನಿಗೆ ಕಿ.ಗ್ರಾಂಗೆ ರೂ. 20ರಂತೆ ರೂ. 1,000 ಕೊಡುತ್ತಾರೆ. ಶೇ. 10ರ ದರದಲ್ಲಿ ಈ ವಾರ್ಷಿಕ ಆದಾಯದ ಬಂಡವಾಳ ಮೌಲ್ಯ ರೂ. 10,000 ಮಾತ್ರ. ಕಾಯಿಗೆ ಏನನ್ನೂ ಕೊಡದಿದ್ದರೆ ಮೌಲ್ಯ ಸೊನ್ನೆ. ಹೀಗಿರುವಾಗ ಮರವನ್ನು ಉಳಿಸಿಕೊಳ್ಳಲು ಮಾಲೀಕನಿಗೆ ಆರ್ಥಿಕ ಕಾರಣವೇ ಇರುವುದಿಲ್ಲ.

ಮರ ನಿಂತಿದ್ದರೆ ಲಾಭ ಪಡೆಯುವವರು ಅನೇಕರು. ಖಾದ್ಯ ತಯಾರಿಸುವವರು, ಸಂತೆಯ ವ್ಯಾಪಾರಿಗಳು, ತೊಚಿ ಹೂವಿನ ಜೇನು ತೆಗೆಯುವವರು, ತೊರೆಯ ಕೆಳಭಾಗದಲ್ಲಿ ನೀರು ಬಳಸುವವರು, ಪ್ರವಾಸಿಗಳಿಂದ ಬದುಕುವ ವಸತಿಗೃಹದವರು ಇವರಲ್ಲಿ ಸೇರುತ್ತಾರೆ. ಆದರೆ ಇವರಾರೂ ಮಾಲೀಕನಿಗೆ ಹಣ ಕೊಡುವುದಿಲ್ಲ. ಲಾಭ ಒಂದು ಕಡೆ, ನಿರ್ಧಾರದ ಹಕ್ಕು ಇನ್ನೊಂದು ಕಡೆ ಇರುವಾಗ ಸಂಪನ್ಮೂಲ ಉಳಿಯುವುದು ಕಷ್ಟ. ಕಡಿದ ಮರದ ಜಾಗದಲ್ಲಿ ಸಸಿ ನೆಟ್ಟರೂ ಅದು ಚೆನ್ನಾಗಿ ಕಾಯಿ ಬಿಡಲು ದಶಕಗಳೇ ಬೇಕು. ಜಿಂಕೆ ಆ ಸಸಿಯನ್ನು ಬಿಟ್ಟರೆ ತಾನೆ! ಆದುದರಿಂದ ಕಚ್ಚಾ ಸಾಮಗ್ರಿಯ ಮೂಲವನ್ನು ನಂಬಿದ ಉದ್ದಿಮೆಗಳು ಆ ಮೂಲದ ಒಡೆಯನಿಗೆ ನಿಯಮಿತವಾಗಿ ಏನಾದರೂ ಸಲ್ಲುವ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕು. ಅದನ್ನು ದಾನವೆಂದು ತಿಳಿಯದೆ ಕಚ್ಚಾ ಸಾಮಗ್ರಿಯ ವೆಚ್ಚವೆಂದೇ ಲೆಕ್ಕಕ್ಕೆ ಹಿಡಿಯಬೇಕು.

6. ಮಾರುಕಟ್ಟೆ, ಹೆಸರು ಮತ್ತು ಕಾನೂನು

ತೊಚಿ-ಮೊಚಿ ದೊಡ್ಡ ಕಾರ್ಖಾನೆಗಳ ಪದಾರ್ಥವಾಗಲಿಲ್ಲ. ಅದು ಮಾರಾಟವಾಗುವುದು ಊರಿನ ಅಂಗಡಿ, ಬಿಸಿನೀರಿನ ಬುಗ್ಗೆಗಳ ಯಾತ್ರಾಸ್ಥಳ, ದೇವಾಲಯದ ಬಾಗಿಲು ಮತ್ತು ಹೆದ್ದಾರಿ ಬದಿಯ ಮಾರಾಟ ಕೇಂದ್ರಗಳಲ್ಲಿ. ತೊತ್ತೊರಿ ಪ್ರಾಂತ್ಯದ ಮಿತೊಕು ಪರ್ವತದ ದೇವಾಲಯದ ಬಳಿ, ಇಶಿಕಾವಾ ಪ್ರಾಂತ್ಯದ ಹಾಕುಸಾನ್ ತಪ್ಪಲಿನ ಶಿರಾಮಿನೆಯಲ್ಲಿ, ಗಿಫು ಪ್ರಾಂತ್ಯದ ಹಿದಾ ಸೀಮೆಯಲ್ಲಿ ಇದು ಸ್ಥಳೀಯ ವಿಶೇಷವಾಗಿದೆ. 1993ರಲ್ಲಿ ಆರಂಭವಾದ ‘ಮಿಚಿ-ನೊ-ಎಕಿ’ ಎಂಬ ಹೆದ್ದಾರಿ ವಿಶ್ರಾಂತಿ ಕೇಂದ್ರಗಳು ಈಗ ದೇಶದಲ್ಲಿ 1,200ಕ್ಕೂ ಹೆಚ್ಚಿವೆ. ಅವು ಆಯಾ ಊರಿನ ರೈತರ ಮತ್ತು ಸಣ್ಣ ತಯಾರಕರ ಸರಕಿಗೆ ನೇರ ಮಾರಾಟದ ಜಾಗ ಒದಗಿಸಿವೆ. ಕ್ಯೋಟೊ ಪ್ರಾಂತ್ಯದ ಅಯಾಬೆ ನಗರಕ್ಕೆ ಸೇರಿದ, ಬೆರಳೆಣಿಕೆಯ ವೃದ್ಧರು ಮಾತ್ರ ಉಳಿದಿದ್ದ ಒಂದು ಕುಗ್ರಾಮವು ಹೊರಗಿನ ಸ್ವಯಂಸೇವಕರ ನೆರವಿನಿಂದ ತೊಚಿ ಕಾಯಿ ಆಯ್ದು, ಅದರ ಖಾದ್ಯಗಳಿಂದಲೇ ಹೆಸರು ಪಡೆಯಿತು. ಗ್ರಾಹಕನು ಕಾಯಿ ಆಯುವ ಶ್ರಮವನ್ನು ಕಣ್ಣಾರೆ ಕಂಡ ಮೇಲೆ ಬೆಲೆಯ ಬಗ್ಗೆ ಚೌಕಾಸಿ ಮಾಡುವುದು ಕಡಿಮೆ.

ಹೆಸರಿನ ರಕ್ಷಣೆಗೆ ಜಪಾನಿನಲ್ಲಿ ಎರಡು ಮಾರ್ಗಗಳಿವೆ. ಪ್ರಾದೇಶಿಕ ಸಾಮೂಹಿಕ ವ್ಯಾಪಾರ ಚಿಹ್ನೆಯ ಪದ್ಧತಿ 2006ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಊರಿನ ಹೆಸರು ಮತ್ತು ಪದಾರ್ಥದ ಹೆಸರು ಸೇರಿದ ಚಿಹ್ನೆಯನ್ನು ಸಹಕಾರ ಸಂಘ ಮೊದಲಾದ ಸಂಸ್ಥೆಗಳು ನೋಂದಾಯಿಸಬಹುದು. ಭೌಗೋಳಿಕ ಸೂಚಿಕೆಯ ಕಾನೂನು 2014ರಲ್ಲಿ ಅಂಗೀಕಾರವಾಗಿ 2015ರ ಜೂನ್‌ನಲ್ಲಿ ಜಾರಿಗೆ ಬಂದಿತು. ನಮ್ಮಲ್ಲಿ ಭೌಗೋಳಿಕ ಸೂಚಿಕೆ ಕಾಯಿದೆ 1999ರಲ್ಲಿಯೇ ಅಂಗೀಕಾರವಾಗಿ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದೆ. ಧಾರವಾಡ ಪೇಢ ಆ ಪಟ್ಟಿಯಲ್ಲಿದೆ.

ಇದರ ಜೊತೆಗೆ ಸಣ್ಣ ತಯಾರಕನು ಗಮನಿಸಬೇಕಾದ ಮೂರು ನಿಯಮಗಳು ಜಪಾನಿನಲ್ಲಿ ಇತ್ತೀಚೆಗೆ ಬಂದಿವೆ.

ಒಂದು, ಆಹಾರ ಶುಚಿತ್ವ ಕಾನೂನಿನ 2018ರ ತಿದ್ದುಪಡಿ. ಇದರ ಮೇರೆಗೆ ಅಪಾಯ ವಿಶ್ಲೇಷಣೆಯನ್ನು ಆಧರಿಸಿದ ಶುಚಿತ್ವ ನಿರ್ವಹಣೆ 2021ರ ಜೂನ್‌ನಿಂದ ಆಹಾರೋದ್ಯಮಿಗಳೆಲ್ಲರಿಗೂ ತತ್ತ್ವತಃ ಕಡ್ಡಾಯವಾಯಿತು. ಸಣ್ಣವರಿಗೆ ಸರಳಗೊಳಿಸಿದ ಕ್ರಮವಿದೆ. ಇದೇ ತಿದ್ದುಪಡಿಯಿಂದ ಉಪ್ಪಿನಕಾಯಿ ತಯಾರಿಕೆಗೆ ಪರವಾನಗಿ ಬೇಕಾಯಿತು. 2024ರ ಮೇ ಕೊನೆಗೆ ರಿಯಾಯಿತಿ ಅವಧಿ ಮುಗಿದಾಗ, ಅಡಿಗೆಮನೆಯನ್ನು ನಿಯಮಕ್ಕೆ ತಕ್ಕಂತೆ ಬದಲಿಸುವ ಖರ್ಚಿಗೆ ಅಂಜಿ ಅನೇಕ ವೃದ್ಧರು ಉಪ್ಪಿನಕಾಯಿ ಮಾರಾಟವನ್ನೇ ನಿಲ್ಲಿಸಿದರು.

ಎರಡು, ಮೂಲಸ್ಥಾನದ ನಮೂದು. ದೇಶದಲ್ಲಿ ತಯಾರಾದ ಸಂಸ್ಕರಿತ ಆಹಾರಗಳಲ್ಲಿ ತೂಕದಲ್ಲಿ ಅತಿ ಹೆಚ್ಚಾಗಿರುವ ಸಾಮಗ್ರಿಯ ಮೂಲಸ್ಥಾನವನ್ನು ನಮೂದಿಸುವುದು 2022ರ ಏಪ್ರಿಲ್‌ನಿಂದ ಪೂರ್ಣವಾಗಿ ಕಡ್ಡಾಯವಾಗಿದೆ. ತೊಚಿಗಿಂತ ಅಂಟಕ್ಕಿಯೇ ತೂಕದಲ್ಲಿ ಹೆಚ್ಚಿರುವ ಉಂಡೆಯಲ್ಲಿ ಈ ಕಡ್ಡಾಯ ಅಕ್ಕಿಗೆ ಅನ್ವಯಿಸುತ್ತದೆ. ಪದಾರ್ಥಕ್ಕೆ ಹೆಸರು ತಂದುಕೊಟ್ಟ ಕಾಯಿಯ ಊರನ್ನು ಹೇಳುವುದು ಹೆಚ್ಚಾಗಿ ತಯಾರಕನ ಪ್ರಾಮಾಣಿಕತೆಗೆ ಬಿಟ್ಟ ವಿಷಯವಾಗುತ್ತದೆ.

ಮೂರು, ಬಳಕೆ ತೆರಿಗೆಯ ಬೀಜಕ ಪದ್ಧತಿ. 2019ರ ಅಕ್ಟೋಬರ್‌ನಲ್ಲಿ ತೆರಿಗೆ ದರವು ಶೇ. 10ಕ್ಕೆ ಏರಿದಾಗ ಆಹಾರ ಪದಾರ್ಥಗಳಿಗೆ ಶೇ. 8ರ ದರವನ್ನು ಉಳಿಸಲಾಯಿತು. 2023ರ ಅಕ್ಟೋಬರ್ 1ರಿಂದ, ನೋಂದಾಯಿತ ಮಾರಾಟಗಾರನ ಬೀಜಕವಿದ್ದರೆ ಮಾತ್ರ ಖರೀದಿಯ ತೆರಿಗೆಯನ್ನು ಪೂರ್ತಿಯಾಗಿ ಜಮೆ ಪಡೆಯಬಹುದು. ಇತರ ಖರೀದಿಗಳಿಗೆ ಹಂತಹಂತವಾಗಿ ಕಡಿಮೆಯಾಗುವ ತಾತ್ಕಾಲಿಕ ರಿಯಾಯಿತಿ ಇದೆ. ಒಂದು ಕೋಟಿ ಯೆನ್ ವಹಿವಾಟಿನೊಳಗಿನ ಸಣ್ಣವರು ನೋಂದಣಿಯಿಂದ ಹೊರಗಿರಬಹುದು. ಆದರೆ ಕಾಡಿನಿಂದ ಕಾಯಿ ಆಯ್ದು ಮಾರುವ ಇಂತಹವರಿಂದ ಕೊಳ್ಳುವ ವ್ಯಾಪಾರಿಗೆ ಆ ಖರೀದಿ ಅಷ್ಟರಮಟ್ಟಿಗೆ ದುಬಾರಿಯಾಗುತ್ತದೆ. ವಿನಾಯಿತಿ ಎಂಬುದು ಕೊಡುವವನಿಗೆ ಅನುಕೂಲವಾದರೂ ಕೊಳ್ಳುವವನ ಜಮೆ ಸರಪಳಿಯನ್ನು ತುಂಡರಿಸುತ್ತದೆ. ನಮ್ಮ ಸರಕು ಮತ್ತು ಸೇವಾ ತೆರಿಗೆಯ ಅನುಭವವಿರುವ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

7. ಗಮನಿಸಬೇಕಾದ ಅಂಶಗಳು

ಮೇಲಿನ ಅಧ್ಯಯನದಿಂದ ಸಣ್ಣ ತಯಾರಕರು ಮತ್ತು ವ್ಯಾಪಾರಿಗಳು ಕೆಳಕಂಡ ಅಂಶಗಳನ್ನು ತಮ್ಮ ಉದ್ದಿಮೆಗೆ ಅನ್ವಯಿಸಿ ನೋಡಬಹುದು:

(1) ಕಚ್ಚಾ ಸಾಮಗ್ರಿಯ ವೆಚ್ಚವನ್ನು ಕೊಂಡ ತೂಕದ ಮೇಲೆ ಲೆಕ್ಕ ಹಾಕದೆ, ಬಳಕೆಗೆ ಸಿದ್ಧವಾದ ತೂಕದ ಮೇಲೆ ಹಾಕಬೇಕು. ಪ್ರತಿ ಬಾರಿಯ ಇಳುವರಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

(2) ಮನೆಯವರ ದುಡಿಮೆಗೆ ಪೇಟೆಯ ಕೂಲಿಯ ದರದಲ್ಲಿ ಬೆಲೆ ಕಟ್ಟಬೇಕು. ಹಣವಾಗಿ ಕೊಡದಿದ್ದರೂ ಬೆಲೆ ನಿರ್ಧಾರದಲ್ಲಿ ಅದು ಸೇರಿರಬೇಕು. ಹಾಗೆ ಸೇರಿಸಿದ ಮೇಲೂ ಬೇಕೆಂದೇ ಕಡಿಮೆ ಬೆಲೆಗೆ ಮಾರುವುದಾದರೆ ಎಷ್ಟು ಬಿಟ್ಟುಕೊಡುತ್ತಿದ್ದೇವೆಂಬ ಅರಿವಾದರೂ ಇರುತ್ತದೆ.

(3) ಇಂದು ಉಚಿತವಾಗಿ ದೊರೆಯುತ್ತಿರುವ ಸಾಮಗ್ರಿಗಳ ಪಟ್ಟಿ ಮಾಡಿ, ಅವು ನಾಳೆ ದೊರೆಯದಿದ್ದರೆ ಕೊಳ್ಳಬೇಕಾದ ಬೆಲೆಯನ್ನು ಪಕ್ಕದಲ್ಲಿ ಬರೆಯಬೇಕು. ತೊಚಿಯ ಬೂದಿ ಇದಕ್ಕೆ ನಿದರ್ಶನ.

(4) ಬಾಳುವ ಹಂತದಲ್ಲಿ ದಾಸ್ತಾನು ಮಾಡಿ, ಕೆಡುವ ಹಂತದಲ್ಲಿ ಬೇಡಿಕೆಗೆ ತಕ್ಕಷ್ಟೇ ತಯಾರಿಸಬೇಕು. ಉಂಡೆಯನ್ನು ತೆಳುವಾಗಿ ಕತ್ತರಿಸಿ ಒಣಗಿಸಿ ಹಪ್ಪಳದಂತೆ ಕರಿಯುವ ಅಥವಾ ಸುಡುವ ರೂಪ ಜಪಾನಿನಲ್ಲಿಯೂ ಇದೆ. ಉಳಿದ ಸರಕಿಗೆ ಬಾಳಿಕೆ ತರುವ ಇಂತಹ ಎರಡನೆಯ ರೂಪವೊಂದು ಪ್ರತಿ ತಯಾರಕನಲ್ಲಿಯೂ ಇರಬೇಕು.

(5) ಕಚ್ಚಾ ಸಾಮಗ್ರಿ ಬೆಳೆಯುವ ಜಾಗದ ಒಡೆಯನಿಗೆ ಆ ಬೆಳೆಯನ್ನು ಉಳಿಸಿಕೊಳ್ಳುವ ಆರ್ಥಿಕ ಕಾರಣ ಇದೆಯೇ ಎಂದು ವಿಚಾರಿಸಬೇಕು. ಇಲ್ಲವಾದಲ್ಲಿ ತಯಾರಕರು ಒಗ್ಗೂಡಿ ದೀರ್ಘಾವಧಿಯ ಕರಾರು ಮಾಡಿಕೊಳ್ಳುವುದು ಲೇಸು.

(6) ಊರಿನ ಹೆಸರನ್ನು ಬಳಸುವಾಗ ಸಾಮಗ್ರಿಯೂ ಆ ಊರಿನದೇ ಅಥವಾ ಕೈಕೆಲಸ ಮಾತ್ರವೇ ಎಂಬುದನ್ನು ಪೊಟ್ಟಣದ ಮೇಲೆ ಸ್ಪಷ್ಟಪಡಿಸಬೇಕು. ಗ್ರಾಹಕನು ತಾನಾಗಿ ಕಂಡುಕೊಂಡಾಗ ಆಗುವ ನಷ್ಟ, ನಾವಾಗಿ ಹೇಳಿದಾಗ ಆಗುವ ನಷ್ಟಕ್ಕಿಂತ ಬಹಳ ದೊಡ್ಡದು.

(7) ಹೊಸ ನಿಯಮ ಜಾರಿಗೆ ಬರುವ ಮುನ್ನ ಸಿಗುವ ರಿಯಾಯಿತಿ ಅವಧಿಯಲ್ಲಿ ಸಾಮೂಹಿಕ ಅಡಿಗೆಮನೆ, ಸಾಮೂಹಿಕ ಯಂತ್ರ ಮೊದಲಾದ ವ್ಯವಸ್ಥೆಗಳನ್ನು ಸಂಘದ ಮೂಲಕ ಮಾಡಿಕೊಂಡರೆ ಒಬ್ಬೊಬ್ಬರ ಮೇಲಿನ ಬಂಡವಾಳದ ಭಾರ ಇಳಿಯುತ್ತದೆ.

ತೊಚಿ ಕಾಯಿಯ ಕಹಿಯನ್ನು ತೆಗೆಯುವ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾವಿರಾರು ವರ್ಷ ಸಾಗಿಬಂದಿದೆ. ಅದನ್ನು ಬಲ್ಲವರು ಒಂದು ತಲೆಮಾರು ಕಲಿಸದೆ ಹೋದರೆ ಆ ಸರಪಳಿ ಕಡಿಯುತ್ತದೆ. ಪುಸ್ತಕ ನೋಡಿ ಬೂದಿಯ ಹದವನ್ನು ಕಲಿಯಲಾಗದು. ನಮ್ಮ ಊರುಗಳಲ್ಲಿಯೂ ಇಂತಹ ಕಸುಬುಗಳು ಹಲವಾರಿವೆ. ಅವುಗಳ ಮಾಲೀಕರು ಮುಂದಿನ ಆರ್ಥಿಕ ವರ್ಷದ ಬೆಲೆಪಟ್ಟಿ ಸಿದ್ಧಪಡಿಸುವ ಮೊದಲು ಒಂದು ತಯಾರಿಕೆಯ ಸರದಿಯನ್ನಾದರೂ ಆರಂಭದಿಂದ ಕೊನೆಯವರೆಗೆ ಗಂಟೆ ಮತ್ತು ತೂಕ ಸಹಿತ ಬರೆದಿಟ್ಟು, ಮೇಲೆ ತೋರಿಸಿದ ಕ್ರಮದಲ್ಲಿ ಗಂಟೆಗೆ ಬೀಳುವ ಪ್ರತಿಫಲವನ್ನು ಕಂಡುಹಿಡಿಯಬೇಕೆಂದು ಸದಸ್ಯರಲ್ಲಿ ವಿನಂತಿ. ಆ ಅಂಕಿ ಪೇಟೆಯ ಕೂಲಿಗಿಂತ ಕಡಿಮೆಯಿದ್ದರೆ ಬೆಲೆ, ವಿಧಾನ ಅಥವಾ ಮಾರುಕಟ್ಟೆ, ಈ ಮೂರರಲ್ಲಿ ಒಂದನ್ನು ಬದಲಿಸಲೇಬೇಕು.